ಜೀವದಯಾಷ್ಟಮಿಯಂದು ಬಿಟ್ಟ ಮೀನು

ಕೊರೋನಾ ಮುಗಿದು ಎರಡು ವರ್ಷವಾಗಿತ್ತು. ಆಗ ನಾನು ಸಾಗರದಲ್ಲಿ ಅಕ್ವೇರಿಯಂ ಅಂಗಡಿ ಇಟ್ಟುಕೊಂಡು, ಹೊಸನಗರ, ತೀರ್ಥಹಳ್ಳಿಯವರೆಗೂ ಮನೆಮನೆಗೆ ಹೋಗಿ ಮೀನಿನ ತೊಟ್ಟಿಗಳನ್ನು ನೋಡಿಕೊಳ್ಳುತ್ತಿದ್ದೆ. ಮೂರು ತಾಲ್ಲೂಕು ಸೇರಿದರೂ ಉಪ್ಪುನೀರಿನ ತೊಟ್ಟಿ ಇದ್ದದ್ದು ಮೂರೋ ನಾಲ್ಕೋ ಮನೆಗಳಲ್ಲಿ. ಬಸ್ಸಿನಲ್ಲಿ ನನ್ನ ಡಬ್ಬದೊಳಗೆ ಇಣುಕಿ, ಇವು ಸಾರಿಗೆ ಆಗುತ್ತವೆಯೇ ಎಂದು ಕೇಳುವವರು ಪ್ರತಿ ಸಲ ಒಬ್ಬರಾದರೂ ಸಿಗುತ್ತಿದ್ದರು. ಬೆಲೆ ಹೇಳಿದರೆ ತೆಪ್ಪಗಾಗುತ್ತಿದ್ದರು.

ಆ ಮೂರು ನಾಲ್ಕರಲ್ಲಿ ಹೊಸನಗರದ ಧರಣೇಂದ್ರ ಸರ್ ಅವರದು ನನ್ನ ಅಚ್ಚುಮೆಚ್ಚಿನ ತೊಟ್ಟಿ. ಸರ್ ಕಾರ್ಗಲ್‌ನಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಉಪ್ಪುನೀರಿನ ವಿದ್ಯೆಯಲ್ಲಿ ಅರ್ಧಕ್ಕರ್ಧ ನಾನು ಕಲಿತದ್ದು ಅವರಿಂದಲೇ. ಹತ್ತು ವರ್ಷ ಸಾಕಿದ ಒಂದು ಜೋಡಿ ಕ್ಲೌನ್ ಫಿಶ್ ಅವರ ಪ್ರಾಣ. ಪಾರ್ಶ್ವವಾಯು ಬಡಿದು ಬಲಭಾಗವೂ ಮಾತೂ ಹೋದ ಮೇಲೆ ಅವರು ದಿನವಿಡೀ ಆ ಜೋಡಿಯ ಎದುರೇ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಟಿ.ವಿ. ಹಾಕಿದರೆ ಮುಖ ತಿರುಗಿಸುತ್ತಿದ್ದರು, ನೆಂಟರು ಬಂದರೆ ಕಣ್ಣು ಮುಚ್ಚುತ್ತಿದ್ದರು. ಮೀನು ಮೇಲೆ ಬಂದರೆ ಮಾತ್ರ ಎಡಗೈ ಎತ್ತಿ ತೋರಿಸುತ್ತಿದ್ದರು. ಅವರನ್ನು ಈ ಲೋಕಕ್ಕೆ ಹಿಡಿದಿಟ್ಟಿರುವುದು ಆ ಎರಡು ಮೀನುಗಳೇ ಎಂದು ಅವರ ಹೆಂಡತಿ ಸುಗುಣಮ್ಮ ಹೇಳುತ್ತಿದ್ದರು.

ಒಂದು ದಿನ ನನ್ನ ಫೋನಿನಲ್ಲಿ ಪೌಡರ್ ಬ್ಲೂ ಟ್ಯಾಂಗ್ ಎಂಬ ನೀಲಿ ಮೀನಿನ ಫೋಟೋ ನೋಡಿ ಸರ್ ಅದರ ಮೇಲೆ ಬೆರಳಿಟ್ಟು ತೆಗೆಯಲೇ ಇಲ್ಲ. ಬೆಂಗಳೂರಿನ ವ್ಯಾಪಾರಿಯಿಂದ ತರಿಸಿಕೊಟ್ಟೆ. ಕಡಲಿನಿಂದ ಹಿಡಿದು ತಂದ ಮೀನು ಎಷ್ಟೇ ಚೆನ್ನಾಗಿ ಕಂಡರೂ ಮೈಯಲ್ಲಿ ಪರಾವಲಂಬಿ ರೋಗಾಣುಗಳನ್ನು ಹೊತ್ತು ಬಂದಿರಬಹುದು. ಆದ್ದರಿಂದ ಹೊಸ ಮೀನನ್ನು ನಾಲ್ಕರಿಂದ ಆರು ವಾರ ಬೇರೆ ತೊಟ್ಟಿಯಲ್ಲಿ ಇಡಬೇಕು. ಮೊದಲ ವಾರ ಅದು ತಿನ್ನಲು ಕಲಿಯಬೇಕು, ಆಮೇಲೆ ಅಳತೆ ನೋಡಿ ತಾಮ್ರದ ಔಷಧಿ ಕೊಡಬೇಕು. ಈ ಔಷಧಿಯನ್ನು ದೊಡ್ಡ ತೊಟ್ಟಿಗೇ ಹಾಕಿದರೆ ಅಲ್ಲಿರುವ ಹವಳ, ಸಿಗಡಿ ಎಲ್ಲ ಸಾಯುತ್ತವೆ. ಇದಕ್ಕೆ ಕ್ವಾರಂಟೈನ್ ಎನ್ನುತ್ತೇವೆ. ಕೊರೋನಾದಿಂದಾಗಿ ಈ ಪದವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸರ್ ತಮ್ಮ ಕಾಲದಲ್ಲಿ ಒಂದು ಮೀನಿಗೂ ಈ ನಿಯಮ ತಪ್ಪಿಸಿದವರಲ್ಲ.

ಮೀನನ್ನು ಒಂದು ಚಿಕ್ಕ ತೊಟ್ಟಿಯಲ್ಲಿ ಬಿಟ್ಟು, ಸುಗುಣಮ್ಮನಿಗೂ ಎಲ್ಲ ಹೇಳಿದೆ. ಅವರು ತಲೆ ಆಡಿಸಿದರು. ಆದರೆ ಆ ಚಿಕ್ಕ ತೊಟ್ಟಿಯಲ್ಲಿ ಮರಳಿಲ್ಲ, ಕಲ್ಲಿಲ್ಲ. ಅವಿತುಕೊಳ್ಳಲು ಒಂದು ಪಿ.ವಿ.ಸಿ. ಪೈಪಿನ ತುಂಡು, ಅಷ್ಟೆ. ಮೀನು ಅದರೊಳಗೆ ಮುದುಡಿ ಕೂತಿತ್ತು. ಸುಗುಣಮ್ಮ ಅದನ್ನು ಬಹಳ ಹೊತ್ತು ನೋಡಿ, “ಕೊರೋನಾದಾಗ ನನ್ನನ್ನೂ ಆ ಹಾಸ್ಟೆಲ್ ರೂಮಲ್ಲಿ ಒಬ್ಳನ್ನೇ ಹಿಂಗೇ ಇಟ್ಟಿದ್ರು ನಾಗರಾಜ” ಎಂದರು. ನಾನು ನಕ್ಕು, ಆಮೇಲೆ ಮನೆಗೆ ಬಿಟ್ಟರಲ್ಲ ಅಮ್ಮ, ಇದನ್ನೂ ಬಿಡುತ್ತೇವೆ ಎಂದೆ.

ಅದೇ ವಾರ ಜೀವದಯಾಷ್ಟಮಿ ಬಂತು. ಜೈನರ ಮನೆಗಳಲ್ಲಿ ಅದು ಅಹಿಂಸೆಯ ವ್ರತದ ದಿನ. ಗಂಡನನ್ನು ಬಿಟ್ಟು ಬಸದಿಗೆ ಹೋಗಲಾಗದ ಸುಗುಣಮ್ಮ ಮನೆಯಲ್ಲೇ ಪೂಜೆ ಮುಗಿಸಿ, ಕಣ್ಣೆದುರೇ ಒಂದು ಜೀವ ಸೆರೆಯಲ್ಲಿರುವಾಗ ತಾವು ಉಪವಾಸ ಕೂತು ಏನು ಫಲ ಎಂದುಕೊಂಡು, ಮೀನನ್ನು ಬಲೆಯಲ್ಲಿ ಎತ್ತಿ ದೊಡ್ಡ ತೊಟ್ಟಿಗೆ ಬಿಟ್ಟರು. ಅವರ ಪಾಲಿಗೆ ಅದು ಅಭಯದಾನ.

ಕೆಲವೇ ದಿನಗಳಲ್ಲಿ ಸುಗುಣಮ್ಮನ ಫೋನ್ ಬಂತು. ಹಳೆಯ ಮೀನುಗಳ ಮೈಮೇಲೆ ಹಿಟ್ಟು ಉದುರಿಸಿದ ಹಾಗೆ ಕಾಣುತ್ತಿದೆ, ಏದುಸಿರು ಬಿಡುತ್ತಿವೆ ಎಂದರು. ಇದು ವೆಲ್ವೆಟ್ ಎಂಬ ರೋಗದ ಲಕ್ಷಣ. ರೋಗಾಣು ಮೊದಲು ಕಿವಿರಿಗೆ ಹತ್ತುತ್ತದೆ, ಮೈಮೇಲೆ ಕಾಣಿಸುವ ಹೊತ್ತಿಗೆ ಕೈಮೀರಿರುತ್ತದೆ. ಸಿಕ್ಕ ಬಸ್ಸು ಹತ್ತಿ ಹೋದೆ. ಹೆಣ್ಣು ಮೀನು ಆಗಲೇ ಸತ್ತಿತ್ತು. ಗಂಡು ಮೀನನ್ನು ಬೇರೆ ಮಾಡಿ, ತಿಳಿದ ಔಷಧಿಯೆಲ್ಲ ಮಾಡಿದೆ. ಮರುದಿನ ಅದೂ ಹೋಯಿತು. ಬದುಕಿ ಉಳಿದದ್ದು ಹೊಸ ಮೀನೊಂದೇ. ಅದನ್ನು ಮತ್ತೆ ಚಿಕ್ಕ ತೊಟ್ಟಿಗೆ ಹಾಕಿ ಚಿಕಿತ್ಸೆ ಶುರುಮಾಡಿದೆ.

ಸುಗುಣಮ್ಮ ಏನನ್ನೂ ಮುಚ್ಚಿಡಲಿಲ್ಲ. ಹೊಸ ಮೀನಿನಿಂದಲೇ ರೋಗ ಬಂತಾ ಎಂದು ಕೇಳಿದರು. ಸುಳ್ಳು ಹೇಳಲು ನಾಲಿಗೆ ಬರಲಿಲ್ಲ, ಹೌದು ಎಂದೆ. ಸೆರಗಿನಲ್ಲಿ ಮುಖ ಒರೆಸಿಕೊಂಡರು.

“ಒಂದನ್ನ ಬಿಡಿಸಕ್ಕೆ ಹೋಗಿ ಎರಡನ್ನ ಕೊಂದೆ. ಅವತ್ತು ಇವರಿಗೆಷ್ಟು ಖುಷಿ ಆಗಿತ್ತು ಗೊತ್ತಾ? ನಾನು ಮೀನು ಬಿಡೋವರೆಗೂ ಕುರ್ಚಿ ಕೈನ ಬಡೀತಾನೇ ಇದ್ರು.”

ನಾನು ಸರ್ ಕಡೆ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಅದು ಖುಷಿಯಲ್ಲ ಎಂದು ನನಗೆ ಆ ಕ್ಷಣವೇ ತಿಳಿಯಿತು. ಸುಗುಣಮ್ಮನಿಗೆ ಉಳಿದಿದ್ದ ಸಮಾಧಾನ ಅದೊಂದೇ. ಅದನ್ನು ಕಿತ್ತುಕೊಳ್ಳಲು ಮನಸ್ಸು ಬರದೆ ಡಬ್ಬ ತುಂಬಿಕೊಂಡು ಎದ್ದೆ.

ರೋಗಾಣು ಪೂರ್ತಿ ಸಾಯಲೆಂದು, ಹೊಸ ಮೀನನ್ನು ಚಿಕ್ಕ ತೊಟ್ಟಿಯಲ್ಲೇ ಇರಿಸಿ, ದೊಡ್ಡ ತೊಟ್ಟಿಯನ್ನು ಎರಡು ತಿಂಗಳು ಮೀನಿಲ್ಲದೆ ಖಾಲಿ ಬಿಟ್ಟೆವು. ಸರ್ ಅದರ ಎದುರೇ ಕೂರುತ್ತಿದ್ದರು. ಅವಧಿ ಮುಗಿದ ಮೇಲೆ ಹೋಗಿ, ಒಂದು ಜೋಡಿ ಎಳೆಯ ಕ್ಲೌನ್ ಫಿಶ್ ಸಿಕ್ಕಿದೆ, ತರಲೇ ಸರ್ ಎಂದು ಕೇಳಿದೆ. ಅವರು ಖಾಲಿ ತೊಟ್ಟಿಯನ್ನು ನೋಡಿದರು. ಆಮೇಲೆ ಎಡಗೈ ಎತ್ತಿ ಕುರ್ಚಿಯ ಕೈಯನ್ನು ಬಡಿದರು. ಮತ್ತೆ ಬಡಿದರು.

“ಬೇಡ ಅಂತಿದಾರೆ ನಾಗರಾಜ” ಎಂದರು ಸುಗುಣಮ್ಮ. ಹೇಳಿದವರು ಹಾಗೇ ನಿಂತುಬಿಟ್ಟರು. ನಂತರ ಮೆಲ್ಲಗೆ ಗಂಡನ ಪಕ್ಕ ಕೂತು, “ಅವತ್ತೂ ಬೇಡ ಅಂದಿದ್ರಾ?” ಎಂದು ಕೇಳಿದರು.

ಸರ್ ಬಡಿಯುವುದನ್ನು ನಿಲ್ಲಿಸಿ, ಆ ಕೈಯನ್ನು ಅವರ ಕೈಮೇಲೆ ಇಟ್ಟರು. ನಾನು ಅಂಗಳಕ್ಕೆ ಬಂದು ನಿಂತೆ. ಇಷ್ಟು ವರ್ಷದ ಕೆಲಸದಲ್ಲಿ ಎಷ್ಟೋ ಮೀನು ಸತ್ತಿವೆ, ಅಳು ಬಂದದ್ದು ಅವತ್ತು ಮಾತ್ರ.

ಈಗ ಯಾರ ಮನೆಯಲ್ಲಿ ಕ್ವಾರಂಟೈನ್ ತೊಟ್ಟಿ ಇಟ್ಟರೂ ಬರೀ ನಿಯಮ ಹೇಳಿ ಬರುವುದಿಲ್ಲ. ನೋಡಿದವರಿಗೆ ಮರುಕ ಹುಟ್ಟುತ್ತದೆ, ಕೈ ತಾನಾಗಿ ಬಲೆಗೆ ಹೋಗುತ್ತದೆ, ಹಾಗಾದ ದಿನ ಮೊದಲು ನನಗೆ ಫೋನ್ ಮಾಡಿ ಎಂದು ಹೇಳಿಬರುತ್ತೇನೆ. ಒರಟು ಕೈಗಳಿಗೆ ಸಿಗದಂತೆ ಮೀನನ್ನು ಕಾಪಾಡುವುದು ಈ ಕೆಲಸದಲ್ಲಿ ಸುಲಭ. ಕರುಣೆಯ ಕೈಗೆ ಸಿಗದಂತೆ ಕಾಪಾಡುವುದು ಕಷ್ಟ, ಏಕೆಂದರೆ ಕರುಣೆ ಬಂದಾಗ ಯಾರಿಗೂ ತಡೆಯುವ ಮನಸ್ಸಾಗುವುದಿಲ್ಲ. ತಡೆಯುವ ಮನಸ್ಸಿದ್ದ ಒಬ್ಬರು ಸುಗುಣಮ್ಮನ ಮನೆಯಲ್ಲಿದ್ದರು, ತಮ್ಮಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ತಡೆಯಲು ನೋಡಿಯೂ ಇದ್ದರು.