ಶನಿಗ್ರಹದ ಹೂವಿಗೆ ಬೆಳಕು

ಅಂದು ಬೆಳಿಗ್ಗೆಯೂ ಗಣಿಯ ಸೈರನ್ ಕೂಗಿದ ಮೇಲೆಯೇ ನಲ್ಲಿಗೆ ಬಿಂದಿಗೆ ಇಟ್ಟೆ. ನಂದಿದುರ್ಗವೆಂಬ ಚಿನ್ನದ ಗಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ನಮ್ಮವರು ರಾಗಿ ಗಂಜಿ ಕುಡಿದು ಮಲಗಿದರು. ನೀರು ತುಂಬಿಸಿ, ಅವಲಕ್ಕಿಗೆ ಒಗ್ಗರಣೆ ಹಾಕಿ, ಮಗಳಿಗೆ ತಲೆ ಬಾಚಲು ಕೂತೆ. ಅವಳು ಗೋಡೆಗೆ ಒರಗಿಸಿದ್ದ ಡ್ರಾಯಿಂಗ್ ಹಾಳೆಯ ಕಡೆಗೇ ಕುತ್ತಿಗೆ ಹೊರಳಿಸುತ್ತಿದ್ದಳು. ಬೈತಲೆ ಸೊಟ್ಟಗಾಯಿತು.

ಮನುಷ್ಯ ಆಕಾಶಕ್ಕೆ ಹೋಗಿಬಂದ ಸುದ್ದಿ ರೇಡಿಯೋದಲ್ಲಿ ಬರುತ್ತಿದ್ದ ಕಾಲ ಅದು. ಬೇರೆ ಗ್ರಹದ ಹೂವೊಂದನ್ನು ಕಲ್ಪಿಸಿಕೊಂಡು ಬರೆದು ತರಲು ಅವಳ ಕಾನ್ವೆಂಟಿನ ಸಿಸ್ಟರ್ ಹೇಳಿದ್ದರು. ಹೂವು ಸುಳ್ಳಾದರೂ ಕಾರಣ ವಿಜ್ಞಾನದ್ದಾಗಿರಬೇಕು. ಒಳ್ಳೆಯವನ್ನು ಪ್ರದರ್ಶನದ ದಿನ ಗೋಡೆಗೆ ಹಾಕುತ್ತಾರೆ. ಹಿಂದಿನ ವರ್ಷ ನನ್ನ ಮಗಳದು ಒಂದೂ ಗೋಡೆ ಏರಿರಲಿಲ್ಲ. ಈ ಸಲ ಏರಲೇಬೇಕೆಂದು ಹಟ.

ನಾನೂ ಕಾನ್ವೆಂಟಿನಲ್ಲಿ ಓದಿದವಳು. ಪುಸ್ತಕದ ನಡುವೆ ಹೂವಿಟ್ಟು ಒಣಗಿಸಿ ಭಾಗಗಳ ಹೆಸರು ಬರೆದವಳು. ಇಬ್ಬರೂ ಕೂತು ಶನಿಗ್ರಹವನ್ನು ಆರಿಸಿಕೊಂಡಿದ್ದೆವು. ಸೂರ್ಯನಿಂದ ಅಷ್ಟು ದೂರ, ಮೇಲೆಲ್ಲ ಕೊರೆಯುವ ಚಳಿ. ನೆಲದೊಳಗೆ ಕೆಳಗಿಳಿದಷ್ಟೂ ಸೆಕೆ ಏರುತ್ತದೆಂಬುದು ಗಣಿ ಕೆಲಸದವರ ನಮ್ಮ ಲೈನುಮನೆಗಳ ಕೂಸಿಗೂ ಗೊತ್ತು. ಆದ್ದರಿಂದ ಅಲ್ಲಿನ ಗಿಡ ಬೇರನ್ನು ಮೇಲೆ ಬಿಟ್ಟು ಹೂವನ್ನು ಕೆಳಗಿಳಿಸುತ್ತದೆ. ಗಣಿಯ ಆಳದ ಲೆಕ್ಕದಲ್ಲಿ ಹೇಳುವುದಾದರೆ ಮೊಗ್ಗು ಹತ್ತನೇ ಲೆವೆಲ್ಲಿನಲ್ಲಿ, ಅರಳುವುದು ಅರವತ್ತನೆಯದರಲ್ಲಿ. ಗಣಿಯಲ್ಲಿ ಆಗುವಂತೆ ಬಂಡೆ ಸಿಡಿದು ನೆಲ ನಡುಗಿದರೆ ಉದುರದಂತೆ ತೊಟ್ಟಿಗೆ ಸ್ಪ್ರಿಂಗಿನಂಥ ಸುರುಳಿ. ಬಣ್ಣ ಬದನೆಕಾಯಿಯದು, ಬಂಗಾರಪೇಟೆಯಿಂದ ತಂದ ಕ್ರೇಯಾನ್ ಡಬ್ಬಿಯಲ್ಲಿ ಅದೊಂದೇ ಮುರಿಯದೆ ಉಳಿದಿತ್ತು. ಪರಾಗ ಹೊರುವುದು ಜಿರಳೆ. ನಾನು ದುಂಬಿ ಎಂದಿದ್ದೆ. "ದುಂಬಿ ಅಷ್ಟು ಆಳ ಇಳಿಯಲ್ಲ ಅಮ್ಮ, ಗಣಿಯೊಳಗೆ ಇರೋದು ಜಿರಳೇನೇ ಅಂತ ಅಪ್ಪ ಹೇಳ್ತಾರೆ" ಎಂದು ಮಗಳು ತಿದ್ದಿದ್ದಳು.

ಶಾಲೆಗೆ ಒಯ್ದ ಹಾಳೆ ಸಂಜೆ ಅವಳ ಜೊತೆಗೇ ವಾಪಸು ಬಂತು. ಮೂಲೆಯಲ್ಲಿ ಕೆಂಪು ಪೆನ್ಸಿಲಿನ ಒಂದು ಸಾಲು: ಅಷ್ಟು ಆಳದಲ್ಲಿ ಬೆಳಕು ಎಲ್ಲಿಂದ? ನಾಳೆ ಬೆಳಿಗ್ಗೆಯೊಳಗೆ ಉತ್ತರ ಬರೆದು ತಂದರೆ ಗೋಡೆಗೆ, ಇಲ್ಲದಿದ್ದರೆ ಇಲ್ಲ ಎಂದಿದ್ದರಂತೆ ಸಿಸ್ಟರ್.

ನನಗೆ ನಾಚಿಕೆಯಾಯಿತು. ಸೆಕೆಯ ಲೆಕ್ಕದಲ್ಲಿ, ಗಿಡಕ್ಕೆ ಬೆಳಕು ಬೇಕೆಂಬ ಮೊದಲ ಪಾಠವನ್ನೇ ಮರೆತಿದ್ದೆ. ಇಬ್ಬರೂ ಬಾಗಿಲ ಮೆಟ್ಟಿಲ ಮೇಲೆ ಕೂತು ಉಪಾಯ ಹುಡುಕಿದೆವು. ಶನಿಯ ಸುತ್ತಲಿನ ಬಳೆಯಿಂದ ಬೆಳಕು ಇಳಿಯಲಿ ಎಂದೆ.

"ನಡುವೆ ಬಂಡೆ ಅಡ್ಡ ಇದೆಯಲ್ಲ."

ಮಿಂಚುಹುಳ ಬಿಡೋಣ ಎಂದೆ.

"ಆ ಸೆಕೆಗೆ ಸತ್ತೋಗತ್ತೆ" ಎಂದಳು. ಕಣ್ಣಂಚಿಗೆ ನೀರು ಬಂದಿತ್ತು.

ಪಕ್ಕದ ಮನೆಯಾಕೆ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಬಂಗಾರಪೇಟೆ ಕಡೆಯ ಹಳ್ಳಿಯವಳು, ಗಂಡ ಗಣಿಗೆ ಇಳಿಯುವವನು. "ಏನಕ್ಕಾ, ಮಗೀನ ಅಳುಸ್ಕೊಂಡು ಕುಂತಿದೀಯ?" ಎಂದಳು.

ನೆಲದೊಳಗೆ ಅರಳುವ ಹೂವಿಗೆ ಬೆಳಕು ಸಿಗುತ್ತಿಲ್ಲ ಎಂದೆ. ಯಾವ ಊರ ಹೂವೆಂದು ಆಕೆ ಕೇಳಲಿಲ್ಲ.

"ಎಷ್ಟನೇ ಲೆವೆಲ್ಲು?"

"ಅರವತ್ತು" ಎಂದಳು ಮಗಳು.

ಆಕೆ ಹುಳುಕು ಕಾಯೊಂದನ್ನು ಆಚೆಗೆ ಎಸೆದಳು. "ಅಷ್ಟೇನಾ? ನಮ್ಮೋರು ಅದ್ಕಿಂತ ಕೆಳುಕ್ಕೋಗಿ ಬತ್ತಾರೆ. ಅದ್ರ ತಲೆ ಮ್ಯಾಲೂ ಒಂದು ಲ್ಯಾಂಪು ಕಟ್ಟಿ ಇಳ್ಸು ಕಣಮ್ಮಿ."