ಒಂದೇ ಡಬ್ಬಿಯ ಮಾತ್ರೆ

ಊರಿನ ಪರಿಚಯದ ರಫೀಕನ ಬಿ.ಪಿ. ಮಾತ್ರೆ ಮುಗಿದಿತ್ತು. ಅವನ ಜೊತೆ ಸೌದಿಯ ಯಾನ್ಬುವಿನ ಸಣ್ಣ ಕ್ಲಿನಿಕ್ಕಿಗೆ ಹೋದೆ. ವೈದ್ಯೆ ಸುಡಾನಿನವರು, ಅಲ್ಲಿನ ಹಳ್ಳಿಯೊಂದರಲ್ಲಿ ಬಹಳ ಕಾಲ ಕುಟುಂಬ ವೈದ್ಯೆಯಾಗಿದ್ದರಂತೆ. ರೋಗಿಗಳಿಂದ ಕಲಿತ ಹಿಂದಿಯಲ್ಲಿ ಅವರು ಮೊದಲು ಕೇಳಿದ್ದು, "ರೂಮಲ್ಲಿ ನಿನ್ನ ಜೊತೆ ಯಾರೆಲ್ಲ ಇದ್ದಾರೆ?" ಆಮೇಲೆ, "ತಿಂಗಳ ಮಾತ್ರೆ ಇಷ್ಟು ಬೇಗ ಹೇಗೆ ಮುಗಿಯಿತು?"

ರಫೀಕ್ ನನ್ನತ್ತ ತಿರುಗಿ ನಕ್ಕ. "ಎಂತ ಹೇಳುದು ಮಾರಾಯ್ರೇ, ರೂಮಲ್ಲಿ ಒಂದೇ ಕುಕ್ಕರಿನ ಅನ್ನ ಉಣ್ಣುವವರು ನಾವು. ತಲೆನೋವು ಅಂದವರಿಗೆಲ್ಲ ಕೊಟ್ಟದ್ದು. ರಜೆ ಹಾಕಿ ಇಲ್ಲಿಗೆ ಯಾರು ಬರುದು?"

ನಾನೂ ನಗುತ್ತಲೇ ಅದನ್ನು ಹಿಂದಿಯಲ್ಲಿ ಹೇಳಿದೆ. ಅವರು ನಗಲಿಲ್ಲ.

"ಇವತ್ತು ಯಾರಿಗೆ ಕೊಟ್ಟೆ?"

"ರೂಮಿನ ಶೇಖರಣ್ಣನಿಗೆ. ತಲೆ ತಿರುಗುತ್ತದೆ ಅಂದ್ರು, ಎರಡು ಕೊಟ್ಟೆ. ಮಲಗಿದ್ದಾರೆ."

"ಬಿ.ಪಿ. ಇಳಿದು ತಲೆ ತಿರುಗಿದ್ದರೆ ಈ ಮಾತ್ರೆ ಇನ್ನೂ ಇಳಿಸುತ್ತದೆ. ಫೋನ್ ಮಾಡು."

ರಫೀಕ್ ಮಾಡಿದ. ಮತ್ತೆ ಮಾಡಿದ. ಶೇಖರಣ್ಣ ಎತ್ತಲಿಲ್ಲ.

ಆಂಬುಲೆನ್ಸ್ ಕರೆಯಲು ನರ್ಸಿಗೆ ಹೇಳಿ, ವೈದ್ಯೆ ಬಿ.ಪಿ. ಯಂತ್ರವನ್ನು ಚೀಲಕ್ಕೆ ಹಾಕಿಕೊಂಡರು. "ನಮ್ಮ ಹಳ್ಳಿಯಲ್ಲಿ ಒಬ್ಬರು ಬಂದರೆ ನಾನು ಮನೆಮಂದಿಯನ್ನೆಲ್ಲ ನೋಡುತ್ತಿದ್ದೆ. ಯಲ್ಲಾ, ನಡಿ, ರೂಮು ತೋರಿಸು."

ಹೊರಗೆ ರಫೀಕ್ ಕಾರಿನ ಬಾಗಿಲು ತೆರೆಯುವುದನ್ನು ಬಿಟ್ಟು ಮತ್ತೆ ಶೇಖರಣ್ಣನಿಗೆ ಫೋನ್ ಮಾಡುತ್ತಿದ್ದ. ಕೀಲಿಯನ್ನು ವೈದ್ಯೆಯೇ ತೆಗೆದುಕೊಂಡರು.