ಫ್ರಾಕು ಕೊಳ್ಳುತ್ತಿದ್ದ ಹೆಂಗಸು

ನಿಮ್ಮ ಕತೆಗಳಿಗೆ ಪ್ರೇರಣೆ ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಬೇಗ ಉತ್ತರಿಸುವುದಿಲ್ಲ. ಒಮ್ಮೆ ಅದೇ ಪ್ರಶ್ನೆಯ ಬೆನ್ನು ಹತ್ತಿ ಇಡೀ ಒಂದು ಅಧ್ಯಾಯವನ್ನು ಕಳೆದುಕೊಂಡಿದ್ದೇನೆ.

ನಿಪ್ಪಾಣಿಯಲ್ಲಿ ನನ್ನ ಸೋದರತ್ತೆಯ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನ ನಾಲ್ಕೈದು ಹೆಂಗಸರು ಕೂತು ಬೀಡಿ ಸುತ್ತುತ್ತಿದ್ದರು. ಅತ್ತೆ ಮಾತಾಡುವುದು ಕನ್ನಡ, ಓದುವುದು ಮರಾಠಿ. ವಾಚನಾಲಯದಿಂದ ತಂದ ಮರಾಠಿ ಕಾದಂಬರಿಯನ್ನು ಅವಳು ಗಟ್ಟಿಯಾಗಿ ಓದುತ್ತಿದ್ದಳು. ಓದುವಾಗ ಅವಳ ಕೈಕೆಲಸ ನಿಲ್ಲುತ್ತದಲ್ಲ, ಅದಕ್ಕೆ ಉಳಿದವರು ತಾವು ಸುತ್ತಿದ್ದರಲ್ಲಿ ಒಂದೊಂದು ಹಿಡಿ ತೆಗೆದು ಅವಳ ಮೊರಕ್ಕೆ ಹಾಕುತ್ತಿದ್ದರು. ರಜೆಗೆ ಹೋಗುತ್ತಿದ್ದ ನನಗೆ ಅವೇ ಕತೆಗಳನ್ನು ಆಮೇಲೆ ಕನ್ನಡದಲ್ಲಿ ಹೇಳುತ್ತಿದ್ದಳು, ನಡುನಡುವೆ ಓಣಿಯ ಸುದ್ದಿ ಬೆರೆಸಿ. ಯಾವುದು ಎಲ್ಲಿಯದು ಎಂದು ನಾನು ಕೇಳಿದವಳಲ್ಲ.

ಅವುಗಳಲ್ಲೊಂದು, ಗಂಡನ ಮನೆ ಬಿಟ್ಟು ಬರುವಾಗ ಮಗಳನ್ನು ಅಲ್ಲೇ ಬಿಡಬೇಕಾಗಿ ಬಂದ ಹೆಂಗಸಿನ ಕತೆ. ವರ್ಷಕ್ಕೊಮ್ಮೆ ಮಗಳ ಅಳತೆಯನ್ನು ಅಂದಾಜಿಸಿ ಅವಳು ಒಂದು ಫ್ರಾಕು ಕೊಳ್ಳುತ್ತಾಳೆ, ಚಿಕ್ಕೋಡಿಯ ಮೇಲೆ ಹಾಯ್ದು ಮಗಳಿರುವ ರಾಯಬಾಗಕ್ಕೆ ಹೋಗುತ್ತಾಳೆ, ನಿಲ್ದಾಣದಲ್ಲಿ ಚಹಾ ಕುಡಿದು ಫ್ರಾಕಿನ ಸಮೇತ ಅದೇ ಬಸ್ಸಿಗೆ ಹಿಂತಿರುಗುತ್ತಾಳೆ. ನನ್ನ ಮೊದಲ ಕಾದಂಬರಿಯ ಒಂದು ಅಧ್ಯಾಯ ನಿಂತಿದ್ದೇ ಈ ಕತೆಯ ಮೇಲೆ. ಈಗ ಇಲ್ಲಿ ಬರೆಯುವಾಗ ಊರನ್ನೂ ಬಟ್ಟೆಯನ್ನೂ ಬದಲಿಸಿದ್ದೇನೆ. ಕತೆ ಹೇಳಿದವಳು ನನ್ನ ಅತ್ತೆಯೇ ಎಂಬುದನ್ನೂ ಓದುಗರು ನಂಬಬೇಕಿಲ್ಲ.

ಹಸ್ತಪ್ರತಿಯನ್ನು ಪ್ರಕಾಶಕರಿಗೆ ಕಳಿಸಿ ನಿಪ್ಪಾಣಿಗೆ ಹೋದೆ. ಪಡಸಾಲೆಯಲ್ಲಿ ಹೆಂಗಸರು ಎಂದಿನಂತೆ ಬೀಡಿ ಸುತ್ತುತ್ತಿದ್ದರು.

"ಏನ ಬರದಿ ಬೇ, ನಮ್ಮನ್ನ ಬೈದೀಯೇನ?" ಎಂದಳು ಅತ್ತೆ.

"ಇಲ್ಲತ್ತಿ. ಫ್ರಾಕಿನ ಹೆಂಗಸಿನ ಕತಿ ಹಾಕೀನಿ."

ಅವಳ ಬೆರಳು ನಿಂತವು. "ಅದು ಮರಾಠಿ ಪುಸ್ತಕದಾಗಿಂದು. ಮಂದೀದು ನಿಂದಂತ ಹೆಂಗ ಹಾಕ್ತಿ?"

"ಫ್ರಾಕಿಂದ್ಯಾವುದವಾ?" ಎಂದಳು ಪಕ್ಕದ ಮನೆಯಾಕೆ. "ನಾ ಕೇಳೇ ಇಲ್ಲಲ್ಲ."

"ನಾ ಓದಾಕ ಕುಂತ್ರ ನಿನಗ ನಿದ್ದಿ ಬರ್ತಿತ್ತು."

"ನಿದ್ದ್ಯಾಗ ನಿನ್ನ ಮೊರ ತುಂಬೀನೇನ? ಹಂಗಾರ ಕೊಡಿಲ್ಲಿ ವಾಪಸ್."

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

ಪುಸ್ತಕದ್ದಾದರೆ ನಾನು ಮಾಡಿದ್ದು ಕಳವು. ನೇರ ವಾಚನಾಲಯಕ್ಕೆ ಹೋದೆ. ಅಲ್ಲಿ ಬಹಳ ವರ್ಷಗಳಿಂದ ಕೂರುವ ಮುದುಕರೊಬ್ಬರು ಕಾದಂಬರಿಯ ಹೆಸರು ಕೇಳಿದರು. ಗೊತ್ತಿಲ್ಲ ಎಂದೆ. ಬರೆದವರು ಯಾರು ಎಂದರು. ಅದೂ ಗೊತ್ತಿರಲಿಲ್ಲ.

"ಹಂಗಾರ ಕತಿಯರ ಹೇಳ್ರಿ," ಎಂದರು.

ಕತೆ ಹೇಳಿದೆ. ಅವರು ಚಷ್ಮಾ ತೆಗೆದು ಮೇಜಿನ ಮೇಲಿಟ್ಟರು. "ಇಲ್ಲಿ ಇರೂ ಕಾದಂಬರಿ ಎಲ್ಲಾ ಓದೀನ್ರಿ ನಾ. ಇದನ್ನ ಓದಿದ್ರ ಮರೀತಿದ್ದಿಲ್ಲ. ಯಾರ ಮನ್ಯಾಗ ಆದದ್ರಿ ಇದು?"

ಹೊರಗೆ ಬಂದೆ. ಅತ್ತೆಯ ಉಳಿದ ಕತೆಗಳು ಹೇಳಿದಂತೆಲ್ಲ ಬದಲಾಗುತ್ತಿದ್ದವು, ಪಾತ್ರಗಳು ಸತ್ತು ಮತ್ತೆ ಬದುಕುತ್ತಿದ್ದವು. ಇದೊಂದರಲ್ಲಿ ಮಾತ್ರ ಒಂದು ಮಾತೂ ಆಚೀಚೆ ಆದದ್ದಿಲ್ಲ. ಇದನ್ನು ಅವಳು ನಾಲ್ಕು ಜನರ ಎದುರು ಹೇಳಿದ ನೆನಪೂ ನನಗಿಲ್ಲ. ನಿಪ್ಪಾಣಿಗೆ ಬರುವ ಮೊದಲು ಅತ್ತೆ ಎಲ್ಲಿದ್ದಳು ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಬರೆಯುವವಳು ಎನಿಸಿಕೊಂಡ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಇಷ್ಟಾದರೂ ನನಗೆ ಖಚಿತವಿಲ್ಲ. ಹರಿದು ರದ್ದಿಗೆ ಹೋದ ಪುಸ್ತಕವೂ ಇರಬಹುದು. ಆದರೆ ಕಳವೇ ಆಗಲಿ, ಅವಳ ಗುಟ್ಟೇ ಆಗಲಿ, ಎರಡೂ ಅಚ್ಚಾಗುವಂಥವಲ್ಲ.

ಮರಳಿ ಹೋಗಿ, ಆ ಅಧ್ಯಾಯ ತೆಗೆಯುತ್ತೇನೆ ಎಂದೆ.

ಅತ್ತೆ ತಲೆ ಎತ್ತಲಿಲ್ಲ. "ಯಾರ್ಯಾರು ಓದ್ಯಾರ ಅದನ್ನ?"

"ಪ್ರಕಾಶಕರು ಒಬ್ಬರ."

"ಅವರಿಗೂ ಹೇಳಿಬಿಡು, ಪುಸ್ತಕದಾಗಿಂದು ಅಂತ."

ಮರುದಿನ ಪ್ರಕಾಶಕರಿಗೆ ಹಾಗೆಯೇ ಬರೆದೆ: ಆ ಅಧ್ಯಾಯ ಬೇರೆಯವರ ಕಾದಂಬರಿಯಿಂದ ಬಂದದ್ದು, ದಯವಿಟ್ಟು ಕೈಬಿಡಿ, ತಪ್ಪು ನನ್ನದು. ಅಂದಿನಿಂದ ಅವರು ನನ್ನ ಪ್ರತಿ ಹಸ್ತಪ್ರತಿಯನ್ನೂ ಎರಡೆರಡು ಸಲ ಓದಿಸುತ್ತಾರೆ.